ಕ್ಯಾಂಪರ್‌ವ್ಯಾನ್‌ನಲ್ಲಿ ಆಲ್ಪ್ಸ್‌ಗೆ ಸ್ಕೀ ಪ್ರವಾಸ: ಮೊದಲು ಬಿಸಿ, ಆಮೇಲೆ ನೀರು

ಪ್ರತಿ ಜನವರಿಯಲ್ಲಿ ನನಗೆ ಒಂದೇ ಬಗೆಯ ಫೋನ್ ಕರೆ ಬರುತ್ತದೆ. ಮ್ಯೂನಿಕ್ ಸುತ್ತಮುತ್ತ ಕೆಲಸದಲ್ಲಿರುವ ಕನ್ನಡದ ಗೆಳೆಯರಲ್ಲಿ ಯಾರೋ ಒಬ್ಬರು ಮಲಗಲು, ಅಡುಗೆ ಮಾಡಲು ವ್ಯವಸ್ಥೆಯಿರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು, ಮಕ್ಕಳನ್ನು ಕರೆದುಕೊಂಡು ಆಸ್ಟ್ರಿಯದ ಟಿರೋಲ್‌ಗೆ ಹೋಗಿರುತ್ತಾರೆ. "ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಪಂಪು ಮಾತ್ರ ಗುರ್ ಎನ್ನುತ್ತಲೇ ಇದೆ. ಗಾಡಿಯ ಕೆಳಗೆ ಮಂಜುಗಡ್ಡೆ ಹಾಸಿದ ಹಾಗಿದೆ. ಏನು ಮಾಡಲಿ?" ನಾನು ಕೇಳುವುದು ಒಂದೇ ಪ್ರಶ್ನೆ: ಸ್ಕೀ ಮಾಡಲು ಹೊರಟಾಗ ಹೀಟರ್ ಆರಿಸಿದಿರಾ? ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಗ್ಯಾಸ್ ಉಳಿಯಲಿ ಎಂದು..."

ಬೇಸಿಗೆಯ ವ್ಯಾನ್ ಒಂದು ವಾಹನ. ಮೈನಸ್ ಹತ್ತರಲ್ಲಿ ಅದು ಒಲೆ ಆರಬಾರದ ಮನೆ. ಈ ವ್ಯತ್ಯಾಸ ತಲೆಗೆ ಹೋದರೆ ಕೆಳಗಿನ ಕ್ರಮ ತಾನಾಗಿ ಅರ್ಥವಾಗುತ್ತದೆ. ಉದಾಹರಣೆಗೆ ಮ್ಯೂನಿಕ್‌ನಿಂದ ಸುಮಾರು 170 ಕಿಲೋಮೀಟರ್ ದೂರದ ಝಿಲ್ಲರ್‌ಟಾಲ್ ಕಣಿವೆಯ ಮಾಯರ್‌ಹೋಫೆನ್ ಊರನ್ನು ಇಟ್ಟುಕೊಂಡಿದ್ದೇನೆ. ಬೇರೆ ಕಣಿವೆಗೆ ಹೋದರೂ ಹೆಜ್ಜೆಗಳು ಇವೇ.

## ಹಂತ 1: ವ್ಯಾನ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಬಾಡಿಗೆಯ ಜಾಹೀರಾತಿನಲ್ಲಿ "ವಿಂಟರ್‌ಟೌಗ್ಲಿಶ್" ಎಂದೂ "ವಿಂಟರ್‌ಫೆಸ್ಟ್" ಎಂದೂ ಎರಡು ಜರ್ಮನ್ ಪದಗಳು ಕಾಣುತ್ತವೆ. ನಮ್ಮವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದರಲ್ಲಿ ಹೊರಗೆ ಸೊನ್ನೆ ಡಿಗ್ರಿ ಇದ್ದಾಗ ಒಳಗೆ 20 ಡಿಗ್ರಿ ಬರುತ್ತದೆ. ಎರಡನೆಯದರಲ್ಲಿ ಹೊರಗೆ ಮೈನಸ್ 15 ಇದ್ದರೂ ಒಳಗೆ 20 ಡಿಗ್ರಿ ಬರಬೇಕು, ನೀರಿನ ವ್ಯವಸ್ಥೆಯೂ ಕೆಲಸ ಮಾಡುತ್ತಿರಬೇಕು. ನಿಮಗೆ ಬೇಕಾದದ್ದು ಎರಡನೆಯದು.

ಆ ಪದವನ್ನೂ ಪೂರ್ತಿ ನಂಬಬೇಡಿ. ಕೊಳೆನೀರಿನ ಟ್ಯಾಂಕ್ ಎಲ್ಲಿದೆ ಎಂದು ಕೇಳಿ. ಗಾಡಿಯ ಹೊಟ್ಟೆಯ ಕೆಳಗೆ ಬರಿದಾಗಿ ನೇತಾಡುತ್ತಿದ್ದರೆ ಮೊದಲ ರಾತ್ರಿಯೇ ಹೆಪ್ಪುಗಟ್ಟುತ್ತದೆ. ಶಾಖನಿರೋಧಕ ಹೊದಿಕೆಯೂ ಬಿಸಿ ಮಾಡುವ ವ್ಯವಸ್ಥೆಯೂ ಇದ್ದರೆ ಸರಿ. ಮೇಲೆತ್ತುವ ಬಟ್ಟೆಯ ಛಾವಣಿಯ ವ್ಯಾನ್ ಚಳಿಗಾಲಕ್ಕೆ ಬೇಡವೇ ಬೇಡ. ಅದರಲ್ಲಿ ಮಲಗುವುದೆಂದರೆ ಡೇರೆಯಲ್ಲಿ ಮಲಗಿದಂತೆ.

ಹೀಟರ್ ಗ್ಯಾಸಿನದೋ ಡೀಸೆಲಿನದೋ ಎಂಬುದನ್ನೂ ತಿಳಿದುಕೊಳ್ಳಿ. ಡೀಸೆಲ್ ಹೀಟರ್‌ಗೆ ಸಿಲಿಂಡರ್ ಹೊರುವ ತಾಪತ್ರಯವಿಲ್ಲ, ಆದರೆ ಹಳೆಯ ಮಾದರಿಗಳು ಸುಮಾರು 1500 ಮೀಟರ್ ಎತ್ತರ ದಾಟಿದರೆ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತವೆ. ಮಾಯರ್‌ಹೋಫೆನ್ ಊರು ಇರುವುದು 630 ಮೀಟರ್ ಎತ್ತರದಲ್ಲಿ, ಅಲ್ಲಿ ಚಿಂತೆಯಿಲ್ಲ. ಎತ್ತರದ ಊರಿಗೆ ಹೋಗುವವರು ಕೇಳಿಯೇ ಹಣ ಕೊಡಿ.

## ಹಂತ 2: ಲೈಸೆನ್ಸ್, ಟೈರ್, ತೂಕ

ಭಾರತದ ಲೈಸೆನ್ಸ್ ಜರ್ಮನಿಯಲ್ಲಿ ನೆಲೆಸಿದ ಮೊದಲ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಜರ್ಮನ್ ಲೈಸೆನ್ಸ್ ಬೇಕು. ಸಾಮಾನ್ಯ ಕಾರಿನ ಬಿ ದರ್ಜೆಯ ಲೈಸೆನ್ಸಿನಲ್ಲಿ 3.5 ಟನ್‌ವರೆಗಿನ ವ್ಯಾನ್ ಓಡಿಸಬಹುದು.

ಎಡವುವುದು ಈ 3.5 ಟನ್‌ನಲ್ಲೇ. ಅದು ಗಾಡಿ, ಜನ, ನೀರು, ಸಾಮಾನು ಎಲ್ಲ ಸೇರಿದ ತೂಕ. ನೂರು ಲೀಟರ್ ನೀರೆಂದರೆ ನೂರು ಕಿಲೋ. ನಾಲ್ಕು ಜನ, ನಾಲ್ಕು ಜೊತೆ ಸ್ಕೀ ಮತ್ತು ಬೂಟು, ಎರಡು ಗ್ಯಾಸ್ ಸಿಲಿಂಡರ್, ಚಕ್ರಕ್ಕೆ ಕಟ್ಟುವ ಹಿಮದ ಚೈನು, ಅದರ ಮೇಲೆ ಹತ್ತು ಕಿಲೋ ಸೋನಾ ಮಸೂರಿ. ಮಿತಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಆಸ್ಟ್ರಿಯದ ಪೊಲೀಸರು ದಾರಿಯಲ್ಲಿ ತೂಕ ಹಾಕಿಸುತ್ತಾರೆ. ಮೊದಲ ಸಲ ಹೋಗುವವರು ಸ್ಕೀ, ಬೂಟು, ಹೆಲ್ಮೆಟ್ ಎಲ್ಲವನ್ನೂ ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ.

ಆಸ್ಟ್ರಿಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವಿರುವ ಚಿಹ್ನೆ ಇದೆಯೇ ನೋಡಿ. ಗೀರಿನ ಆಳ ಕನಿಷ್ಠ 4 ಮಿಲಿಮೀಟರ್ ಇರಬೇಕು. ಜರ್ಮನಿಯ 1.6 ಮಿಲಿಮೀಟರ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹೆದ್ದಾರಿಗೆ ವಿನ್ಯೆಟ್ ಎಂಬ ಸುಂಕದ ಚೀಟಿಯನ್ನೂ ಮೊದಲೇ ಕೊಳ್ಳಿ. ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣದ ನಿರ್ಗಮನದವರೆಗೆ ಮಾತ್ರ ಅದು ಬೇಡ. ಝಿಲ್ಲರ್‌ಟಾಲ್ ಅದಕ್ಕಿಂತ ಮುಂದಿದೆ.

## ಹಂತ 3: ಗ್ಯಾಸ್ — ಪ್ರೊಪೇನ್ ಮಾತ್ರ

ಬ್ಯೂಟೇನ್ ಸುಮಾರು ಮೈನಸ್ ಅರ್ಧ ಡಿಗ್ರಿಗಿಂತ ತಣ್ಣಗಾದರೆ ಸಿಲಿಂಡರ್‌ನಲ್ಲಿ ದ್ರವವಾಗಿಯೇ ಕುಳಿತುಬಿಡುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಊರಿನ ಅಡುಗೆಮನೆಯ 14.2 ಕಿಲೋ ಸಿಲಿಂಡರ್‌ನಲ್ಲಿ ಎರಡೂ ಬೆರೆತಿರುತ್ತವೆ, ನಮ್ಮ ಹವೆಯಲ್ಲಿ ಅದರಿಂದ ತೊಂದರೆಯಿಲ್ಲ. ಹಾಗಾಗಿ "ಗ್ಯಾಸ್ ಎಂದರೆ ಗ್ಯಾಸ್" ಎಂಬ ಅಭ್ಯಾಸ ನಮಗೆ. ಆಲ್ಪ್ಸ್‌ನಲ್ಲಿ ಮಾತ್ರ ಸಿಲಿಂಡರ್ ಭಾರವಾಗಿಯೇ ಇದೆ, ಅಲುಗಾಡಿಸಿದರೆ ಒಳಗೆ ದ್ರವ ಕುಲುಕುತ್ತದೆ, ಒಲೆ ಮಾತ್ರ ಹತ್ತುವುದಿಲ್ಲ. ಇದನ್ನು ಕಂಡರೆ ಒಳಗಿರುವುದು ಬ್ಯೂಟೇನ್ ಎಂದೇ ತಿಳಿಯಿರಿ.

ವ್ಯಾನಿನ ಗ್ಯಾಸ್ ಹೀಟರ್ ಪೂರ್ತಿ ಉರಿದಾಗ ಗಂಟೆಗೆ 300ರಿಂದ 480 ಗ್ರಾಂ ನುಂಗುತ್ತದೆ. ಒಳಗೆ ಬಿಸಿಯೇರಿದ ಮೇಲೆ ಕಡಿಮೆಯಾಗುತ್ತದೆ. ಕಡು ಚಳಿಯಲ್ಲಿ 11 ಕಿಲೋ ಸಿಲಿಂಡರ್ ಎರಡರಿಂದ ನಾಲ್ಕು ದಿನ ಬರುತ್ತದೆ ಎಂದು ಲೆಕ್ಕ ಹಾಕಿ. ಎರಡು ಸಿಲಿಂಡರ್, ಎರಡೂ ತುಂಬಿದವು, ಒಯ್ಯಿರಿ. ಒಂದು ಖಾಲಿಯಾದಾಗ ಇನ್ನೊಂದಕ್ಕೆ ತಾನಾಗಿ ಬದಲಾಗುವ ರೆಗ್ಯುಲೇಟರ್ ಇದ್ದರೆ ಪುಣ್ಯ. ಇಲ್ಲದಿದ್ದರೆ, ಸಿಲಿಂಡರ್ ಖಾಲಿಯಾಗುವುದು ಬೆಳಗಿನ ಮೂರು ಗಂಟೆಗೇ. ಯಾಕೆ ಎಂದು ಕೇಳಬೇಡಿ. ಮಲಗುವ ಮುನ್ನ ಕೋಟು, ಟಾರ್ಚ್, ಗ್ಯಾಸ್ ಪೆಟ್ಟಿಗೆಯ ಬೀಗದ ಕೈ ಒಂದೇ ಕಡೆ ಇಟ್ಟುಕೊಳ್ಳಿ. ಸಿಲಿಂಡರಿನ ನಟ್ಟು ಎಡಸುತ್ತಿನದು, ಅಂದರೆ ತಿರುಗಿಸುವ ದಿಕ್ಕು ಉಲ್ಟಾ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಇದನ್ನು ಕಲಿಯುವ ಬದಲು ಹಗಲಲ್ಲೇ ಒಮ್ಮೆ ಮಾಡಿ ನೋಡಿ.

ಗಾಡಿ ನಿಲ್ಲಿಸಿ ತಂಗುವ ಚಳಿಗಾಲದ ಕೆಲವು ಕ್ಯಾಂಪ್‌ಸೈಟ್‌ಗಳಲ್ಲಿ ನಿಮ್ಮ ಜಾಗಕ್ಕೇ ಮೀಟರ್ ಹಾಕಿದ ಗ್ಯಾಸ್ ಕೊಳವೆ ಕೊಡುತ್ತಾರೆ. ಜಾಗ ಕಾಯ್ದಿರಿಸುವಾಗಲೇ ವಿಚಾರಿಸಿ.

## ಹಂತ 4: ಹೊರಡುವ ಹಿಂದಿನ ಸಂಜೆ — ನೀರು ತುಂಬಬೇಡಿ

ಇಡೀ ಬರಹದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಗಾಡಿ ತಂದ ತಕ್ಷಣ ಮನೆಯ ಮುಂದೆ ಟ್ಯಾಂಕ್ ತುಂಬಿಸುತ್ತಾರೆ. ಹೀಟರ್ ಹಚ್ಚದೆ ರಾತ್ರಿಯಿಡೀ ನಿಲ್ಲಿಸುತ್ತಾರೆ. ಬೆಳಿಗ್ಗೆ ಮೂರು ಗಂಟೆ ಪ್ರಯಾಣ. ಮುಂದಿನ ಸೀಟಿನಲ್ಲಿ ಎಂಜಿನಿನ ಬಿಸಿ ಹಿತವಾಗಿರುತ್ತದೆ, ಹಿಂದೆ ಮಂಚದ ಕೆಳಗಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟುತ್ತಿರುತ್ತದೆ. ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ, ನಲ್ಲಿಯ ಒಳಗಿನ ಪ್ಲಾಸ್ಟಿಕ್ ಬಿರಿಯುತ್ತದೆ. ಬಿರಿದದ್ದು ಆಗ ಕಾಣುವುದಿಲ್ಲ, ಕರಗಿದ ಮೇಲೆ ಸೋರಲು ಶುರುವಾಗುತ್ತದೆ.

ಸರಿಯಾದ ಕ್ರಮ:

1. ಹಿಂದಿನ ಸಂಜೆಯೇ ಹೀಟರ್ ಹಚ್ಚಿ, 20 ಡಿಗ್ರಿಗೆ ಇಡಿ. ಗೋಡೆ, ಹಾಸಿಗೆ, ಕಪಾಟಿನ ಒಳಭಾಗ ಎಲ್ಲ ಬಿಸಿಯಾಗಲು ರಾತ್ರಿಯಿಡೀ ಬೇಕು. ಗಾಳಿ ಬಿಸಿಯಾಗಿದೆ ಎಂದರೆ ಗಾಡಿ ಬಿಸಿಯಾಗಿದೆ ಎಂದಲ್ಲ.
2. ಟ್ಯಾಂಕ್ ಖಾಲಿ ಇರಲಿ. ಮೊದಲ ರಾತ್ರಿಗೆ ಹತ್ತು ಲೀಟರ್ ಕ್ಯಾನಿನಲ್ಲಿ ನೀರು ಒಳಗಿಟ್ಟುಕೊಳ್ಳಿ.
3. ಅಪಘಾತವಾದರೆ ಗ್ಯಾಸ್ ತಾನಾಗಿ ನಿಲ್ಲಿಸುವ ರೆಗ್ಯುಲೇಟರ್ ಇದೆಯೇ ಎಂದು ಬಾಡಿಗೆಯವರನ್ನು ಕೇಳಿ. ಇದ್ದರೆ ದಾರಿಯಲ್ಲೂ ಹೀಟರ್ ಉರಿಯಲಿ. ಇಲ್ಲದಿದ್ದರೆ ಸಿಲಿಂಡರ್ ಮುಚ್ಚಿಯೇ ಹೊರಡಬೇಕು.
4. ಹಿಮದಿಂದ ಕಾಪಾಡುವ ವಾಲ್ವ್ ಎಲ್ಲಿದೆ ಎಂದು ಗಾಡಿ ಪಡೆಯುವಾಗಲೇ ಕೈಯಿಟ್ಟು ನೋಡಿ.

ನಾಲ್ಕನೆಯದನ್ನು ಬಿಡಿಸಿ ಹೇಳಬೇಕು. ಮಂಚದ ಅಥವಾ ಬೆಂಚಿನ ಕೆಳಗೆ, ಹೀಟರ್ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ದೊಡ್ಡ ಗುಂಡಿಯಿರುವ ಒಂದು ವಾಲ್ವ್ ಇರುತ್ತದೆ. ಅದರ ಸುತ್ತ ಸುಮಾರು 3 ಡಿಗ್ರಿಗಿಂತ ತಣ್ಣಗಾದರೆ ಅದು ತಾನಾಗಿ ತೆರೆದುಕೊಂಡು ಬಾಯ್ಲರಿನ ನೀರನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಕೆಟ್ಟಿತು ಎಂದು ಬಯ್ಯಬೇಡಿ, ಸಾವಿರ ಯೂರೋ ದಾಟುವ ಬಾಯ್ಲರನ್ನು ಅದು ಉಳಿಸುತ್ತಿದೆ. ಮತ್ತೆ ಮುಚ್ಚಬೇಕಾದರೆ ಅದರ ಸುತ್ತ ಸುಮಾರು 7 ಡಿಗ್ರಿ ದಾಟಬೇಕು, ಅಲ್ಲಿಯವರೆಗೆ ಗುಂಡಿ ಒತ್ತಿದರೂ ನಿಲ್ಲುವುದಿಲ್ಲ. ಕೆಲವರು ಬಟ್ಟೆಯ ಕ್ಲಿಪ್ ಸಿಕ್ಕಿಸಿ ಗುಂಡಿಯನ್ನು ಹಿಡಿದಿಡುತ್ತಾರೆ. ಅವರು ಉಳಿಸುವುದು ಒಂದಿಷ್ಟು ನೀರು, ಕಳೆದುಕೊಳ್ಳುವುದು ಬಾಯ್ಲರ್.

ಆ ಮಂಚದ ಕೆಳಗೆ ಚೀಲ, ಕಂಬಳಿ ತುರುಕಬೇಡಿ. ಬಿಸಿಗಾಳಿ ವಾಲ್ವ್‌ಗೆ ತಲುಪದೆ, ಕೋಣೆ 22 ಡಿಗ್ರಿ ಇದ್ದರೂ ಅಲ್ಲಿ 3 ಡಿಗ್ರಿಯಾಗಿ ನೀರು ಹೋಗಿಬಿಡುವುದನ್ನು ನಾನೇ ಕಂಡಿದ್ದೇನೆ. ಅಂದು ತಪ್ಪು ನನ್ನದು: ಅಲ್ಲಿ ಅಕ್ಕಿ ಚೀಲ ಇಟ್ಟಿದ್ದೆ.

## ಹಂತ 5: ದಾರಿ

ಹೊರಡುವ ದಿನ ಶನಿವಾರ ಆಗದಿರಲಿ. ಹೋಟೆಲುಗಳಲ್ಲಿ ವಾರದ ಅತಿಥಿಗಳು ಬದಲಾಗುವುದು ಅಂದೇ. ಕುಫ್‌ಸ್ಟೈನ್‌ನಿಂದ ಹಿಡಿದು, ಝಿಲ್ಲರ್‌ಟಾಲ್ ಬಾಯಲ್ಲಿರುವ ಬ್ರೆಟ್‌ಫಾಲ್ ಸುರಂಗದವರೆಗೂ ಗಾಡಿಗಳು ಸಾಲುಗಟ್ಟುತ್ತವೆ.

ಡೀಸೆಲ್ ಚಳಿಗಾಲದ್ದೇ ಇರಬೇಕು. ಜರ್ಮನಿಯಲ್ಲಿ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಮಾರುವ ಡೀಸೆಲ್ ಮೈನಸ್ 20ರವರೆಗೆ ಗಟ್ಟಿಯಾಗುವುದಿಲ್ಲ. ಇಟಲಿಯ ಬಯಲಿನಲ್ಲಿ ಅಗ್ಗವಾಗಿ ತುಂಬಿಸಿ ಬೆಟ್ಟಕ್ಕೆ ಬರುವವರಿಗೆ ಈ ಭರವಸೆಯಿಲ್ಲ.

ಚೈನು ಹಾಕುವುದನ್ನು ಒಣ ಅಂಗಳದಲ್ಲಿ ಎರಡು ಸಲ ಅಭ್ಯಾಸ ಮಾಡಿ. ಎಂಜಿನ್ ತಿರುಗಿಸುವ ಚಕ್ರಕ್ಕೇ ಚೈನು ಹಾಕಬೇಕು. ಫಿಯಟ್ ಡುಕಾಟೊ ಮೇಲೆ ಕಟ್ಟಿದ ವ್ಯಾನ್‌ಗಳಲ್ಲಿ ಅದು ಮುಂದಿನ ಚಕ್ರ. ಇಂಥ ಗಾಡಿಯ ಹಿಂಭಾಗಕ್ಕೇ ಎಲ್ಲ ಭಾರ ತುಂಬಿದರೆ ಏರಿನಲ್ಲಿ ಮುಂದಿನ ಚಕ್ರ ಹಿಡಿತ ತಪ್ಪಿ ನಿಂತಲ್ಲೇ ತಿರುಗುತ್ತದೆ. ನೀಲಿ ದುಂಡು ಫಲಕದಲ್ಲಿ ಚೈನಿನ ಚಿತ್ರ ಕಂಡರೆ ಅಲ್ಲಿಯೇ ನಿಲ್ಲಿಸಿ ಹಾಕಿ. ಏರಿನ ಮಧ್ಯೆ ಸಿಕ್ಕಿಕೊಂಡ ಮೇಲೆ ಹಾಕಲು ಹೊರಡುವುದು ಅಪಾಯ. ನೂರು ಮೀಟರ್ ಹೋಗಿ ಇಳಿದು ಮತ್ತೆ ಬಿಗಿ ಮಾಡಿ. 50 ಕಿಲೋಮೀಟರ್ ವೇಗ ಮೀರಬೇಡಿ. ಇಳಿಜಾರಿನಲ್ಲಿ ಎರಡನೇ ಗೇರ್, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವ ಅಭ್ಯಾಸ ಬಿಡಿ.

## ಹಂತ 6: ತಲುಪಿದ ಮೊದಲ ಗಂಟೆ

ಟಿರೋಲ್‌ನಲ್ಲಿ ಕ್ಯಾಂಪ್‌ಸೈಟ್‌ನ ಹೊರಗೆ ಗಾಡಿಯಲ್ಲಿ ರಾತ್ರಿ ಬಿಡಾರ ಹೂಡಲು ಕಾನೂನಿನ ಒಪ್ಪಿಗೆಯಿಲ್ಲ. ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಪಕ್ಕದ ಪಾರ್ಕಿಂಗ್‌ನಲ್ಲಿ ಮಲಗುವ ಯೋಚನೆ ಇದ್ದರೆ ಈಗಲೇ ಕೈಬಿಡಿ.

ಮಕ್ಕಳು ಹಿಮಕ್ಕೆ ಓಡಲಿ, ನೀವು ಈ ಕ್ರಮ ತಪ್ಪಿಸಬೇಡಿ. ಮೊದಲು ಚಕ್ರದ ಕೆಳಗೆ ಹಲಗೆ ಕೊಡಿ. ಬಿಸಿ ಟೈರ್ ಹಿಮವನ್ನು ಕರಗಿಸುತ್ತದೆ, ರಾತ್ರಿ ಅದು ಮತ್ತೆ ಹೆಪ್ಪುಗಟ್ಟಿ ಗಾಡಿಯನ್ನು ನೆಲಕ್ಕೆ ಅಂಟಿಸುತ್ತದೆ. ಸಮತಟ್ಟು ಜಾಗವಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ದಿಮ್ಮಿ ಕೊಡಿ, ಒದ್ದೆ ಬ್ರೇಕು ಹೆಪ್ಪುಗಟ್ಟಿದರೆ ಮತ್ತೆ ಬಿಡುವುದಿಲ್ಲ.

ಆಮೇಲೆ ವಿದ್ಯುತ್. ಸುರುಳಿ ಸುತ್ತಿದ ಕೇಬಲನ್ನು ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಸುರುಳಿಯೊಳಗೆ ಕಾದು ಕರಗುತ್ತದೆ. ಹಿಮದ ಮೇಲೆ ಬಿಡದೆ ಎತ್ತಿ ಕಟ್ಟಿ, ಬೆಳಿಗ್ಗೆ ಸಲಿಕೆಯಿಂದ ಕೆದಕುವಾಗ ಕತ್ತರಿಸಿ ಹೋಗದಿರಲಿ. 10 ಆಂಪಿಯರ್ ಸಂಪರ್ಕ ಎಂದರೆ 2300 ವಾಟ್. ವಿದ್ಯುತ್ ಹೀಟರ್ ಉರಿಯುತ್ತಿರುವಾಗ ಕೆಟಲ್ ಹಾಕಿದರೆ ಫ್ಯೂಸ್ ಬೀಳುತ್ತದೆ.

ಇಷ್ಟಾದ ಮೇಲೆ ವಾಲ್ವ್ ಇರುವ ಮೂಲೆಗೆ ಕೈ ಹಾಕಿ ನೋಡಿ. ಬೆಚ್ಚಗಿದೆಯೇ? ಗುಂಡಿ ಒತ್ತಿದರೆ ನಿಲ್ಲುತ್ತದೆಯೇ? ನಿಂತರೆ ಮಾತ್ರ ನೀರು ತುಂಬಿ, ಅದೂ ಅರ್ಧ ಟ್ಯಾಂಕ್. ಕೊಳೆನೀರಿನ ವಾಲ್ವನ್ನು ತೆರೆದೇ ಇಟ್ಟು ಕೆಳಗೊಂದು ಬಕೆಟ್ ಇಡಿ. ಬಕೆಟ್‌ನಲ್ಲಿ ಹೆಪ್ಪುಗಟ್ಟಿದರೆ ಗಡ್ಡೆಯನ್ನು ಹಾಗೆಯೇ ಎತ್ತಿ ಶೌಚದ ಜಾಗದಲ್ಲಿ ಸುರಿಯಬಹುದು. ಟ್ಯಾಂಕಿನೊಳಗೆ ಹೆಪ್ಪುಗಟ್ಟಿದರೆ ಬಿಸಿಲು ಬರುವವರೆಗೆ ಕಾಯಬೇಕು, ಕಣಿವೆಯ ಕೆಲವು ಮೂಲೆಗಳಿಗೆ ಜನವರಿಯಲ್ಲಿ ಬಿಸಿಲೇ ಬರುವುದಿಲ್ಲ.

## ಹಂತ 7: ರಾತ್ರಿ — ಉಸಿರು, ಆವಿ, ಹೊಗೆ

ಮುಂದಿನ ಗಾಜಿನಿಂದಲೇ ಅತಿ ಹೆಚ್ಚು ಶಾಖ ಸೋರುತ್ತದೆ. ಶಾಖನಿರೋಧಕ ಚಾಪೆಯನ್ನು ಗಾಜಿನ ಹೊರಗೆ ಕಟ್ಟಿ. ಒಳಗೆ ಕಟ್ಟಿದರೆ ಚಾಪೆ ಮತ್ತು ಗಾಜಿನ ನಡುವೆ ನೀರು ಇಳಿದು ಡ್ಯಾಷ್‌ಬೋರ್ಡ್ ಒದ್ದೆಯಾಗುತ್ತದೆ.

ನಾಲ್ವರ ಉಸಿರು, ಒದ್ದೆ ಕೈಗವಸು, ಅದರ ಮೇಲೆ ನಮ್ಮ ಅಡುಗೆ. ಕುಕ್ಕರ್ ಮೂರು ಸಲ ಕೂಗಿದರೆ ಕಿಟಕಿಗಳಲ್ಲಿ ನೀರು ಇಳಿಯುತ್ತದೆ. ಸಾಸಿವೆ ಸಿಡಿಸಿದರೆ ಹೊಗೆಯ ಅಲಾರಂ ಕಿರುಚಿ ಪಕ್ಕದ ಗಾಡಿಯವರು ಇಣುಕುತ್ತಾರೆ. ಒಗ್ಗರಣೆಯನ್ನು ಮನೆಯಲ್ಲೇ ಮಾಡಿ ಡಬ್ಬಿಯಲ್ಲಿ ಒಯ್ಯಿರಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಎರಡು ದಿನ ಕಳೆಯುತ್ತದೆ. ಅಡುಗೆ ಮಾಡುವಾಗ ಛಾವಣಿಯ ಕಿಂಡಿ ಪೂರ್ತಿ ತೆರೆಯಲಿ, ಮಲಗುವಾಗ ಎರಡು ಬೆರಳಷ್ಟಾದರೂ ತೆರೆದಿರಲಿ. ಬಿಸಿ ಹೋಗುತ್ತದೆ ಎಂದು ಕಿಂಡಿ ಮುಚ್ಚಿ ಬೆಳಿಗ್ಗೆ ಒದ್ದೆ ಹಾಸಿಗೆಯಲ್ಲಿ ಏಳುವವರೇ ಹೆಚ್ಚು.

ನೆಲದ ಹತ್ತಿರದ ಗಾಳಿಕಿಂಡಿಗಳನ್ನು ಬಟ್ಟೆಯಿಂದ ಮುಚ್ಚಲೇಬೇಡಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ಆಚೆ ಹೋಗಲು ಅದೊಂದೇ ದಾರಿ.

ಈಗ ಪ್ರಾಣದ ವಿಷಯ. ಹೀಟರಿನ ಹೊಗೆಕೊಳವೆ ಗಾಡಿಯ ಪಕ್ಕದಲ್ಲೋ ಛಾವಣಿಯಲ್ಲೋ ಇರುತ್ತದೆ. ರಾತ್ರಿ ಬಿದ್ದ ಹಿಮ ಅದನ್ನು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಮೂವತ್ತು ಯೂರೋ ಒಳಗೆ ಸಿಗುತ್ತದೆ, ಬಾಡಿಗೆ ಗಾಡಿಯಲ್ಲಿ ಇರುತ್ತದೆ ಎಂದುಕೊಳ್ಳದೆ ನಿಮ್ಮದೇ ಒಯ್ಯಿರಿ. ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ಎತ್ತರದ ಹವೆ ಎಂದು ಸಮಾಧಾನ ಪಡಬೇಡಿ. ಎಲ್ಲರೂ ತಕ್ಷಣ ಹೊರಗೆ ಬಂದು 112ಕ್ಕೆ ಕರೆ ಮಾಡಿ. ಒಲೆಯನ್ನು ಕೋಣೆ ಬಿಸಿ ಮಾಡಲು ಎಂದೂ ಬಳಸಬೇಡಿ. ಹಿಮ ಬೀಳುತ್ತಿದ್ದರೆ ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಕೊಳವೆಯ ಬಾಯಿ ನೋಡಿ ಬನ್ನಿ.

## ಹಂತ 8: ಸ್ಕೀ ದಿನ

ಹೀಟರನ್ನು 15 ಡಿಗ್ರಿಗೆ ಇಳಿಸಿ, ಆರಿಸಬೇಡಿ. ಬೆಂಚಿನ ಕೆಳಗಿನ ಕಪಾಟುಗಳ ಬಾಗಿಲು ತೆರೆದಿಡಿ, ಬಿಸಿಗಾಳಿ ಕೊಳವೆಗಳತ್ತ ಹೋಗಲಿ. ಬೆಳಿಗ್ಗೆ ದೋಸೆಹಿಟ್ಟನ್ನು ಬಿಸಿಗಾಳಿಯ ಬಾಯಿಯ ಹತ್ತಿರ ಇಟ್ಟು ಹೋದರೆ ಸಂಜೆಗೆ ಬೆಂಗಳೂರಿನ ಮೇ ತಿಂಗಳಿನ ಹಾಗೆ ಉಬ್ಬಿರುತ್ತದೆ. ಪಾತ್ರೆ ದೊಡ್ಡದಿರಲಿ.

ಗಾಡಿಯನ್ನು ಲಿಫ್ಟಿಗೆ ಒಯ್ಯಬೇಡಿ. ಸ್ಕೀ ಪಾಸ್, ಅಂದರೆ ಲಿಫ್ಟಿನ ಟಿಕೆಟ್, ಇದ್ದವರಿಗೆ ಕಣಿವೆಯಲ್ಲಿ ಸ್ಕೀ ಬಸ್ ಇದೆ. ದಿನವೂ ಗಾಡಿ ಕದಲಿಸುವುದೆಂದರೆ ದಿನವೂ ಕೇಬಲ್, ಹಲಗೆ, ಬಕೆಟ್, ಚಾಪೆಗಳ ಕೆಲಸ ಮೊದಲಿನಿಂದ.

ಬೂಟು ರಾತ್ರಿ ಒಳಗೇ ಇರಲಿ. ತಣ್ಣಗಾದ ಪ್ಲಾಸ್ಟಿಕ್ ಬೂಟು ಕಲ್ಲಿನಂತಾಗಿ ಕಾಲು ತೂರುವುದಿಲ್ಲ. ಕ್ಯಾಂಪ್‌ಸೈಟ್‌ನಲ್ಲಿ ಬೂಟು ಒಣಗಿಸುವ ಕೋಣೆ ಇದ್ದರೆ ಅಲ್ಲಿಡಿ, ಒಳಗಿನ ಮೆತ್ತೆಯನ್ನು ಹೊರಗೆಳೆದು ಒಣಗಿಸಿ. ಸ್ಕೀ ಮಾತ್ರ ಹಿಂದಿನ ಡಿಕ್ಕಿಯಲ್ಲಿರಲಿ.

ಹೊಸಬರು ಎರಡು ದಿನವಾದರೂ ಶಿಕ್ಷಕರ ಬಳಿ ಕಲಿಯಿರಿ. ಮಾಯರ್‌ಹೋಫೆನ್‌ನಲ್ಲಿ ಆಹಾರ್ನ್ ಬೆಟ್ಟ ಅಗಲ, ಸೌಮ್ಯ, ಕಲಿಯುವವರಿಗೆ ಅದೇ ಸರಿ. ಎದುರಿನ ಪೆನ್ಕೆನ್‌ನಲ್ಲಿ ಹರಾಕಿರಿ ಎಂಬ ಶೇ. 78ರಷ್ಟು ಇಳಿಜಾರಿನ ಹಾದಿಯಿದೆ. ಅದರ ಫಲಕದ ಮುಂದೆ ಫೋಟೋ ತೆಗೆಸಿಕೊಂಡು ಲಿಫ್ಟಿನಲ್ಲಿ ಇಳಿದು ಬನ್ನಿ. ಆಸ್ಟ್ರಿಯದಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಗುರುತು ಹಾಕಿದ ಹಾದಿ ಬಿಟ್ಟು ಹೋಗಬೇಡಿ. ಲಿಫ್ಟ್ ನಿಂತ ಮೇಲೆ ಹಾದಿಗೆ ಇಳಿಯಬೇಡಿ, ಹಿಮ ಹದಮಾಡುವ ಯಂತ್ರಗಳು ಎಳೆದ ಉಕ್ಕಿನ ಹಗ್ಗ ಕತ್ತಲಲ್ಲಿ ಕಾಣುವುದಿಲ್ಲ. ಬೆಟ್ಟದ ರಕ್ಷಣಾ ತಂಡದ ಸಂಖ್ಯೆ 140. ಹೆಲಿಕಾಪ್ಟರ್ ಖರ್ಚು ಜರ್ಮನಿಯ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಸೇರಿರುವುದಿಲ್ಲ, ಪ್ರತ್ಯೇಕ ವಿಮೆ ಮಾಡಿಸಿಕೊಂಡೇ ಹೊರಡಿ.

## ಹಂತ 9: ಮರಳುವ ಬೆಳಿಗ್ಗೆ

ಒಂದೂವರೆ ಗಂಟೆ ಬೇಕು. ಛಾವಣಿಯ ಹಿಮವನ್ನು ಮೃದು ಪೊರಕೆಯಿಂದ ಪೂರ್ತಿ ತಳ್ಳಿ. ಸಲಿಕೆ ಹಚ್ಚಿದರೆ ಪ್ಲಾಸ್ಟಿಕ್ ಕಿಂಡಿ ಒಡೆಯುತ್ತದೆ. ಹಾಗೆಯೇ ಬಿಟ್ಟರೆ ಹೆದ್ದಾರಿಯಲ್ಲಿ ಹಿಂದಿನ ಕಾರಿನ ಗಾಜಿನ ಮೇಲೆ ಹಲಗೆಯಂತೆ ಬೀಳುತ್ತದೆ, ದಂಡವೂ ಬೀಳುತ್ತದೆ.

ಗಾಡಿ ಇನ್ನೂ ಬಿಸಿಯಿರುವಾಗಲೇ ನೀರು ಖಾಲಿ ಮಾಡಿ: ಟ್ಯಾಂಕ್, ಬಾಯ್ಲರ್, ಕೊಳೆನೀರು, ಶೌಚದ ಪೆಟ್ಟಿಗೆ. ಪಂಪು ಆರಿಸಿ. ಎಲ್ಲ ನಲ್ಲಿಗಳನ್ನೂ ಬಿಸಿಗೂ ತಣ್ಣಗೂ ನಡುವೆ ತಿರುಗಿಸಿ ತೆರೆದಿಡಿ, ಒಂದೇ ಕಡೆ ತಿರುಗಿಸಿದರೆ ಇನ್ನೊಂದು ಕೊಳವೆಯಲ್ಲಿ ನೀರು ಉಳಿಯುತ್ತದೆ. ಶವರಿನ ಹಿಡಿಯನ್ನು ಕೊಂಡಿಯಿಂದ ಇಳಿಸಿ ನೆಲದ ಮೇಲಿಟ್ಟು ಅಲುಗಾಡಿಸಿ. ಬಾಡಿಗೆಯವರು ಗಾಡಿ ಮರಳಿ ಪಡೆಯುವಾಗ ಮೊದಲು ನೋಡುವುದು ಆ ಶವರನ್ನೇ. ಅದರೊಳಗೆ ಅರ್ಧ ಲೋಟ ನೀರು ಸದ್ದಿಲ್ಲದೆ ಕುಳಿತಿರುತ್ತದೆ.

ಪಾಸ್‌ಪೋರ್ಟ್, ನಿವಾಸದ ಕಾರ್ಡು ಕೈಗೆ ಸಿಗುವಲ್ಲಿರಲಿ. ಮರಳುವಾಗ ಕೀಫರ್ಸ್‌ಫೆಲ್ಡನ್ ಬಳಿ ಜರ್ಮನ್ ಪೊಲೀಸರು ತಪಾಸಣೆ ಮಾಡುತ್ತಾರೆ, ಹಿಂದಿನ ಕಪಾಟಿನ ಚೀಲದ ತಳದಿಂದ ಹುಡುಕಿ ತೆಗೆಯುವವರೆಗೆ ಕಾಯುವ ತಾಳ್ಮೆ ಅವರಿಗಿರುವುದಿಲ್ಲ.